ಗೋಡೆ ಒಡೆದು ಬಂದ ನೆಂಟ

“ವಿಷಾನೇ ಇಲ್ಲ ಅಂದ್ರೆ?”

ಇನ್‌ಸ್ಪೆಕ್ಟರ್ ಕುರ್ಚಿಯಿಂದ ಅರ್ಧ ಎದ್ದಿದ್ದಳು. ಮೇಜಿನಾಚೆ ಕೂತಿದ್ದ ಚರ್ಮದ ಡಾಕ್ಟರು ಕನ್ನಡಕ ತೆಗೆದು ಬಿಳಿ ಕೋಟಿನ ಅಂಚಿಗೆ ಒರೆಸಿಕೊಂಡರು. ವಯಸ್ಸಾದ ಹೆಂಗಸು, ಮಾತು ಮಾತ್ರ ಚಾಟಿಯ ಹಾಗೆ.

“ಇಲ್ಲ ಅಂದ್ರೆ ಇಲ್ಲ ಕಣಮ್ಮ. ಹೊಟ್ಟೇಲಿ ಇಲ್ಲ, ರಕ್ತದಲ್ಲಿ ಇಲ್ಲ, ತಿಂದುಳಿದ ಬನ್ನಿನ ಚೂರಲ್ಲೂ ಇಲ್ಲ. ಲ್ಯಾಬಿನವರು ತಿರುಗಾ ಮುರುಗಾ ನೋಡಿದಾರೆ.”

ಬೈಂಡಿಂಗ್ ಅಂಗಡಿಯ ಯಜಮಾನ ತನ್ನ ತಮ್ಮ ತಂದುಕೊಟ್ಟ ಬನ್ನು ತಿಂದು, ಕತ್ತು ಹಿಡಿದುಕೊಂಡು ಪುಸ್ತಕದ ರಾಶಿಯ ಮೇಲೆ ಉರುಳಿ ಸತ್ತಿದ್ದ. ಆ ತಮ್ಮ ನಿನ್ನೆಯಿಂದ ಅವಳ ಲಾಕಪ್ಪಿನಲ್ಲಿದ್ದ.

ಕೇಸು ಕಲ್ಲಿನಲ್ಲಿ ಕೆತ್ತಿದಂತಿತ್ತು. ಬನ್ನು ತಂದವನು ತಮ್ಮ. ಹಿಂದಿನ ದಿನವಷ್ಟೇ ಅಣ್ಣ ತಮ್ಮ ಬೀದಿಗೆ ಕೇಳುವಂತೆ ಜಗಳವಾಡಿದ್ದರು. ಸಾಲದ್ದಕ್ಕೆ ತಮ್ಮನ ಎರಡೂ ತೋಳಿನ ತುಂಬ ಹಸಿ ಗೀರುಗಳು. ಸಾಯುವವನು ಪರಚಿದ್ದಾನೆ ಎಂದು ವರದಿಯಲ್ಲಿ ಅವಳೇ ಬರೆದಿದ್ದಳು. ಠಾಣೆಯವರು ಬೆನ್ನ ಹಿಂದೆ ಅವಳನ್ನು ಜಿಗಣೆ ಎನ್ನುತ್ತಿದ್ದರು, ಕಚ್ಚಿದರೆ ಬಿಡುವವಳಲ್ಲ ಎಂದು. ಈಗ ಕಚ್ಚಿದ್ದು ಕಲ್ಲನ್ನೋ ಏನೋ ಎಂದು ಹಲ್ಲು ಜುಮ್ಮೆಂದಿತು.

“ಹಾಗಾದ್ರೆ ಅವನನ್ನ ಕೊಂದಿದ್ದು ಯಾರು?”

“ಅವನ ಮೈ.”

“ಏನು?”

“ಅವನ ಮೈಯೇ ಅವನನ್ನ ಕೊಂದಿತು. ಕೂತ್ಕೊಳ್ಳಿ, ಹೇಳ್ತೀನಿ.”

ಅವಳು ಮತ್ತೆ ಕುರ್ಚಿಯಲ್ಲಿ ಕೂತಳು.

“ಅವನಿಗೆ ಇಸುಬಿತ್ತು. ಇಸುಬು ಅಂದ್ರೆ ಜನಕ್ಕೆ ತುರಿಕೆ, ಮುಲಾಮು, ಮುಗೀತು,” ಎಂದರು ಡಾಕ್ಟರು. “ತೀವ್ರವಾಗಿ ಬಂದವರಿಗೆ ಅದು ಬರೀ ಚರ್ಮದ ಪಾಡಲ್ಲ. ರೋಗದಿಂದ ನಮ್ಮನ್ನ ಕಾಯೋ ಪಡೆ ಇದೆಯಲ್ಲ, ಅದು ಹಗಲೂ ರಾತ್ರಿ ಕತ್ತಿ ಹಿರಿದು ನಿಂತಿರುತ್ತೆ. ಹೋದ ವರ್ಷ ಇವನ ಬೆನ್ನಿಂದ ಒಂದು ಚೂರು ಚರ್ಮ ತೆಗೆದಿದ್ವಿ. ಕೆಂಪಿಲ್ಲ, ಗಾಯ ಇಲ್ಲ, ನುಣ್ಣಗಿದ್ದ ಜಾಗ. ಅಲ್ಲೂ ಕಾವಲಿನ ಕಣಗಳು ಗುಂಪುಗಟ್ಟಿ ಕೂತಿದ್ವು. ರಕ್ತದಲ್ಲೂ ಅದೇ ಗದ್ದಲ. ಸರಿ, ಅವನ ಕೈ ನೋಡಿದೀರಾ?”

“ನೋಡ್ದೆ. ಬರೀ ಸೀಳು.”

“ಆ ಕೈ ಜೀವಮಾನವೆಲ್ಲ ಯಾವುದರಲ್ಲಿ ಮುಳುಗಿತ್ತು?”

“ಗೋಂದಿನಲ್ಲಿ.”

“ಬೈಂಡಿಂಗಿನ ಗೋಂದು ಯಾವುದರಿಂದ ಮಾಡ್ತಾರೆ?”

ಉತ್ತರ ನಾಲಗೆಯ ತುದಿಯಲ್ಲಿತ್ತು. ಅಂಗಡಿಯ ಮೂಲೆಯಲ್ಲಿ ಬಾಯಿ ತೆರೆದು ನಿಂತಿದ್ದ ಚೀಲ ಕಣ್ಣ ಮುಂದೆ ಬಂತು. ಅವಳು ಅದನ್ನು ದಾಟಿಕೊಂಡು ಓಡಾಡಿದ್ದಳು, ಅದರ ಮೇಲೆ ತನ್ನ ಟೋಪಿಯನ್ನೂ ಇಟ್ಟಿದ್ದಳು.

“ಗೋಧಿ ಹಿಟ್ಟು,” ಎಂದಳು. “ಆದ್ರೆ ಡಾಕ್ಟ್ರೇ, ಅವನು ಮೊದಲಿಂದ ಬ್ರೆಡ್ಡು ತಿಂದೇ ಬೆಳೆದೋನು ಅಂತ ಅಕ್ಕಪಕ್ಕದವರೆಲ್ಲ ಹೇಳ್ತಾರೆ!”

“ತಿಂತಿದ್ದ. ತಿಂತಿದ್ದದ್ದಕ್ಕೇ ಬದುಕಿದ್ದ.”

ಇನ್‌ಸ್ಪೆಕ್ಟರ್ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಳು.

“ಮುಂಬಾಗಿಲಿಂದ ಬಂದೋನು ನೆಂಟ, ಗೋಡೆ ಒಡೆದು ಬಂದೋನು ಕಳ್ಳ. ಬಾಯಿಂದ ಹೋದ ಗೋಧಿನ ಹೊಟ್ಟೆ ನಮ್ಮವನು ಅನ್ನುತ್ತೆ. ಅದೇ ಗೋಧಿ ಸೀಳಿದ ಚರ್ಮದಿಂದ ನುಗ್ಗಿದ್ರೆ ಕಾವಲಿನವರು ಹಿಡಿ ಬಡಿ ಅಂತಾರೆ. ದಿನಾ ಊಟಕ್ಕೂ ಬರ್ತಿದ್ನಲ್ಲ, ‘ಬಿಡ್ರೋ, ನಮ್ಮ ನೆಂಟ’ ಅಂತ ಮನೆಯವರೇ ಬಿಡಿಸ್ತಿದ್ರು. ಈಗ ಊಟ ನಿಲ್ಲಿಸಿ, ಗೋಡೆ ಕಡೆ ಮಾತ್ರ ತೆರೆದಿಡಿ. ನೆಂಟಸ್ತಿಕೆ ಮರೆತೇ ಹೋಗುತ್ತೆ. ಆಮೇಲೆ ಒಂದು ದಿನ ಅವನು ಮುಂಬಾಗಿಲಿಗೆ ಬಂದು ನಿಂತ್ರೂ ಹೊಡೆದೇ ಹಾಕ್ತಾರೆ. ಆ ಹೊಡೆದಾಟದಲ್ಲಿ ಗಂಟಲು ಊದುತ್ತೆ, ಉಸಿರು ಕಟ್ಟುತ್ತೆ, ರಕ್ತದ ಒತ್ತಡ ಪಾತಾಳಕ್ಕೆ ಇಳಿಯುತ್ತೆ. ಮನೆಯೇ ಬೀಳುತ್ತೆ.”

“ಅವನ ಊಟ ನಿಲ್ಲಿಸಿದ್ರಾ?”

“ಆರೇಳು ತಿಂಗಳಿಂದ ಆ ಮನೇಲಿ ಗೋಧಿ ಬಂದ್. ಪಥ್ಯ! ನಿನ್ನೆ ಅವನ ಹೆಂಡತಿ ಅಳ್ತಾ ಹೇಳಿದಾಗಲೇ ನನಗೆ ಗೊತ್ತಾಗಿದ್ದು.”

“ಪಥ್ಯ ಹೇಳಿದ್ದು ನೀವಲ್ವಾ?”

ಡಾಕ್ಟರು ಮೇಜಿಗೆ ಗುದ್ದಿದ ರಭಸಕ್ಕೆ ಪೆನ್ನಿನ ಡಬ್ಬಿ ಉರುಳಿತು. “ನಾನಾ? ಏನೇ ಆದ್ರೂ ಊಟ ಬಿಡಬೇಡ ಅಂತ ಕೈ ಮುಗಿದು ಹೇಳಿ ಕಳಿಸಿದೋಳು ನಾನು! ಯಾರೋ ನನ್ನ ಮಾತಿಗೆ ಅಡ್ಡ ಮಾತು ಹೇಳಿದಾರೆ. ಗೊತ್ತಿಲ್ಲದೆ ಹೇಳಿದ್ರೋ, ಗೊತ್ತಿದ್ದೇ ಹೇಳಿದ್ರೋ, ಅದು ನಿಮ್ಮ ಕೆಲಸ.”

ಆಮೇಲೆ ಅವರ ದನಿ ಇಳಿಯಿತು.

“ಹೋದ ತಿಂಗಳು ಆ ಮನೆಯಿಂದ ನಾವು ಎರಡು ರಕ್ತ ತಗೊಂಡಿದ್ವಿ. ಒಂದೇ ಮನೆಯ ಇಬ್ಬರು ಇಸುಬಿನವರನ್ನ ಜೋಡಿ ಮಾಡಿ ನೋಡೋ ಅಧ್ಯಯನ ನಮ್ಮದು. ಟ್ಯೂಬಿಗೆ ಹೆಸರು ಬರೆಯಲ್ಲ. ಇಂಥ ಮನೆ, ಒಂದು, ಎರಡು, ಅಷ್ಟೇ. ಎಲ್ಲಾ ಮನೆಗಳದ್ದು ಸೇರೋವರೆಗೂ ಫ್ರೀಜರಲ್ಲಿ ಇಡ್ತೀವಿ. ಇವನು ಸತ್ತ ಅಂತ ಇವತ್ತು ಬೆಳಿಗ್ಗೆ ಎರಡನ್ನೂ ತೆಗೆದು ನೋಡಿದೆ. ಗೋಧಿಯ ವಿರುದ್ಧದ ಕಣಗಳು ಒಂದನೇದರಲ್ಲಿ ಹೆಚ್ಚು. ಎರಡನೇದರಲ್ಲಿ ಅದರ ದುಪ್ಪಟ್ಟಿಗೂ ಮೇಲೆ.”

“ಎರಡನೇದು ಯಾರದು?”

“ಮಗಳದು. ಚಿಕ್ಕಂದಿನಿಂದ ನನ್ನ ಹತ್ರಾನೇ ಬರೋ ಹುಡುಗಿ. ಅಪ್ಪ ಒಂದು ಬನ್ನಿಗೆ ಹೋದ. ಇವಳಿಗೆ ಒಂದು ತುತ್ತು ಸಾಕು.” ಅವರು ಡ್ರಾಯರಿನಿಂದ ಪೆನ್ನಿನಂಥ ದಪ್ಪ ಸೂಜಿಯೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟರು. “ಅವಳ ಮನೇಲಿ ಯಾರೂ ಫೋನ್ ಎತ್ತುತ್ತಿಲ್ಲ. ಓಡಿ. ಗಂಟಲು ಊದಿದ್ರೆ ಉಸಿರು ತೆರೆಯೋ ಔಷಧಿ ಇದರಲ್ಲಿದೆ, ಬಟ್ಟೆ ಮೇಲಿಂದಲೇ ತೊಡೆಗೆ ಒತ್ತಿ ಹಿಡೀರಿ. ಯೋಚನೆ ಮಾಡ್ತಾ ನಿಲ್ಲಬೇಡಿ.”

ಜೀಪಿನಲ್ಲಿ ಕೂತವಳಿಗೆ ಮೊದಲು ನೆನಪಾದದ್ದು ಲಾಕಪ್ಪಿನಲ್ಲಿದ್ದ ತಮ್ಮ. ಮೊಣಕಾಲ ಮಧ್ಯೆ ತಲೆ ಹುದುಗಿಸಿ ಕೂತು, ಕೇಳಿದ್ದಕ್ಕೆಲ್ಲ “ಅಣ್ಣ ಕೇಳಿದ, ತಂದ್ಕೊಟ್ಟೆ” ಎಂದಷ್ಟೇ ಹೇಳಿದ್ದ. ಅವಳು ಅದನ್ನು ಭಂಡತನ ಎಂದುಕೊಂಡಿದ್ದಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಠಾಣೆಗೆ ಫೋನ್ ಮಾಡಿದಳು.

ಎತ್ತಿದವರು ಹೆಡ್ ಕಾನ್‌ಸ್ಟೇಬಲ್. ಕೆನ್ನೆ ತುಂಬ ಮೀಸೆ, ಎದೆ ತುಂಬ ಮಮತೆ. ಕಳ್ಳನಿಗೂ ಊಟ ಆಯ್ತಾ ಎಂದು ಕೇಳಿಯೇ ಬೇಡಿ ತೊಡಿಸುವ ಮನುಷ್ಯ. ಇಡೀ ಠಾಣೆಗೆ ಅವರು ಮೀಸೆಯಮ್ಮ.

“ಒಳಗಿರೋನು ಕೊಲೆಗಾರ ಅಲ್ಲ,” ಎಂದಳು. “ನಾನೇ ಬಂದು ಬಿಡಿಸ್ತೀನಿ. ಅಲ್ಲಿವರೆಗೂ ಚೆನ್ನಾಗಿ ನೋಡ್ಕೊಳ್ಳಿ.”

“ನಾನು ಬಡ್ಕೊಂಡೆ ಮೇಡಂ, ಆ ಮುಖ ಇರುವೆ ತುಳಿಯೋ ಮುಖ ಅಲ್ಲ ಅಂತ! ನಿನ್ನೆಯಿಂದ ಬರೀ ನೀರಲ್ಲಿದಾನೆ ಪಾಪ. ನೀವು ನಿಶ್ಚಿಂತೆಯಾಗಿರಿ, ನಾನಿದೀನಿ.”

ಅಷ್ಟಾದರೂ ನೆಟ್ಟಗಾಯಿತಲ್ಲ ಎಂದು ಅವಳು ಉಸಿರು ಬಿಟ್ಟಳು.

ಬೈಂಡಿಂಗ್ ಅಂಗಡಿ ಎರಡು ಎತ್ತರದ ಕಟ್ಟಡಗಳ ನಡುವೆ ಸಿಕ್ಕಿಹಾಕಿಕೊಂಡಂತಿತ್ತು. ಮೇಲೆ ಮನೆ, ಕೆಳಗೆ ಕೆಲಸ. ಬಾಗಿಲು ತೆರೆದಿತ್ತು. ಒಳಗೆ ಹುಳಿ ಹುಳಿ ಗೋಂದಿನ ವಾಸನೆ, ಕಾಗದ ಕತ್ತರಿಸುವ ದೊಡ್ಡ ಯಂತ್ರ, ಒತ್ತುವ ತಿರುಪಿನಡಿ ಇನ್ನೂ ಉಸಿರು ಕಟ್ಟಿ ಕೂತ ಪುಸ್ತಕಗಳು. ಸತ್ತವನ ಏಪ್ರನ್ನು ಮೊಳೆಗೆ ನೇತಾಡುತ್ತಿತ್ತು, ಜೇಬಿನಲ್ಲಿ ಮುಲಾಮಿನ ಡಬ್ಬಿಯ ಉಬ್ಬು.

ಹುಡುಗಿ ಕಿಟಕಿಯ ಪಕ್ಕ ಹೊಲಿಗೆಯ ಚೌಕಟ್ಟಿನ ಮುಂದೆ ಕೂತು ಹಾಳೆಗಳ ಕಂತೆಗಳನ್ನು ದಾರದಿಂದ ಹೊಲಿಯುತ್ತಿದ್ದಳು. ಅಪ್ಪ ಸತ್ತ ಮಾರನೇ ದಿನ! ಕತ್ತಿನ ಸುತ್ತ ಚರ್ಮ ಕೆಂಪಾಗಿ ದಪ್ಪಗಾಗಿತ್ತು, ಮೊಣಕೈ ಮಡಿಕೆಯಲ್ಲಿ ಬ್ಯಾಂಡೇಜು. ಪಕ್ಕದಲ್ಲಿ ಅವಳ ತಾಯಿ ಗೋಡೆಗೊರಗಿ ಕೂತಿದ್ದಳು, ಅತ್ತು ಅತ್ತು ಮುಖ ಬಾತಿತ್ತು.

“ಫೋನ್ ಯಾಕೆ ಎತ್ತಲಿಲ್ಲ?”

“ಯಾರ ಹತ್ರ ಏನಂತ ಮಾತಾಡ್ಲಿ?” ಎಂದಳು ತಾಯಿ. “ಇವಳು ನೋಡಿ, ಕೈಗೆ ಕೆಲಸ ಕೊಡದೇ ಇದ್ರೆ ತುರಿಸಿ ತುರಿಸಿ ರಕ್ತ ಮಾಡ್ಕೋತಾಳೆ ಅಂತ ಸೂಜಿ ಹಿಡಿದಿದಾಳೆ.”

ಹುಡುಗಿ ಜೀವಂತವಾಗಿದ್ದಳು. ಸದ್ಯ! ಇನ್‌ಸ್ಪೆಕ್ಟರ್ ಜೇಬಿನಲ್ಲಿದ್ದ ಸೂಜಿಯನ್ನು ಮುಟ್ಟಿ ನೋಡಿಕೊಂಡು ಸ್ಟೂಲು ಎಳೆದು ಕೂತಳು.

“ಅಮ್ಮಾ, ಗೋಧಿ ಪಥ್ಯ ಯಾರು ಹೇಳಿದ್ದು?”

“ಆಸ್ಪತ್ರೆಯವರು. ಫೋನ್ ಮಾಡಿದ್ರಲ್ಲ, ರಕ್ತದಲ್ಲಿ ಗೋಧಿ ದೋಷ ಕಾಣ್ತಿದೆ, ಇವತ್ತಿಂದ ಒಂದು ಚೂರೂ ಕೂಡದು ಅಂತ. ಅಡುಗೆಮನೇಲಿದ್ದದ್ದೆಲ್ಲ ಅವತ್ತೇ ಹೊರಗೆ ಹಾಕಿದೆ. ಒಬ್ಬರಿಗೆ ಪಥ್ಯ ಅಂದ್ರೆ ಮನೆಗೆಲ್ಲ ಪಥ್ಯ ಅಲ್ವಾ, ಒಬ್ಬೊಬ್ಬರಿಗೆ ಒಂದೊಂದು ಒಲೆ ಹೂಡೋಕಾಗುತ್ತಾ? ಒಂದು ಚೂರು ಬಿಸ್ಕತ್ತೂ ಹೊಸ್ತಿಲು ದಾಟಿಲ್ಲ.”

“ಆ ಚೀಲ?”

ತಾಯಿ ಮೂಲೆಯ ಚೀಲದ ಕಡೆ ನೋಡಿದಳು, ಮತ್ತೆ ಇವಳ ಕಡೆ ನೋಡಿದಳು.

“ಅದು ಹಿಟ್ಟಲ್ಲವಲ್ಲ ಮೇಡಂ. ಅದು ಗೋಂದು!”

ಮೂರು ತಲೆಮಾರಿನಿಂದ ಈ ಮನೆಯಲ್ಲಿ ಅಡುಗೆಮನೆಯ ಹಿಟ್ಟು ಮಾತ್ರ ಹಿಟ್ಟು, ಅಂಗಡಿಯ ಹಿಟ್ಟು ಗೋಂದು. ಅದೇ ಗೋಧಿ ಎಂದು ಯಾರಿಗೂ ಹೊಳೆದಿರಲೇ ಇಲ್ಲ. ಹೊಳೆಯದು ಎಂದು ಗೊತ್ತಿದ್ದವರು ಯಾರೋ ಒಬ್ಬರು ಆ ಫೋನು ಮಾಡಿರಬೇಕು ಎಂದುಕೊಂಡಳು ಇನ್‌ಸ್ಪೆಕ್ಟರ್.

“ಫೋನಲ್ಲಿ ಮಾತಾಡಿದ್ದು ಯಾರು?”

“ನನಗೇನು ಗೊತ್ತು? ಎತ್ತಿದ್ದು ಇವಳು.”

ಹುಡುಗಿಯ ಸೂಜಿ ನಿಂತಿತು.

“ಗಂಡಸಿನ ದನಿ,” ಎಂದಳು. “ಆಸ್ಪತ್ರೆಯಿಂದ ಅಂದ್ರು. ಹೆಸರು ಹೇಳಲಿಲ್ಲ.”

“ಆಸ್ಪತ್ರೆಯ ಡಾಕ್ಟರು ಅಂಥ ಪಥ್ಯ ಹೇಳೇ ಇಲ್ಲ.”

“ಅಂದ್ರೆ? ಸುಳ್ಳು ಹೇಳ್ತಿದೀನಾ ನಾನು?”

“ಇನ್ನೊಂದು ಕೇಳ್ತೀನಿ. ಇಷ್ಟು ತಿಂಗಳು ಬಾಯಿ ಕಟ್ಟಿದ ನಿಮ್ಮಪ್ಪ ಇದ್ದಕ್ಕಿದ್ದ ಹಾಗೆ ಬನ್ನು ತರಿಸ್ಕೊಂಡು ತಿಂದಿದ್ದು ಯಾಕೆ?”

ಹುಡುಗಿ ತಾಯಿಯ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು.

“ನಾನು ಹೇಳಿದ್ದಕ್ಕೆ.”

“ಏನಂದೆ?” ತಾಯಿ ಗೋಡೆ ಬಿಟ್ಟು ಎದ್ದು ಕೂತಳು.

“ಗೆಳತಿ ಮನೇಲಿ ಕೇಕು ತಿಂದೆ ಅಮ್ಮ. ನಿನಗೆ ಹೇಳಿದ್ರೆ ಬೈತೀಯ ಅಂತ ಹೇಳಲಿಲ್ಲ. ಏನೂ ಆಗಲಿಲ್ಲ ನನಗೆ. ತುರಿಕೆ ಕೂಡ ಒಂಚೂರೂ ಹೆಚ್ಚಾಗಲಿಲ್ಲ. ಅಪ್ಪನ ಹತ್ರ ಗುಟ್ಟಾಗಿ ಹೇಳ್ದೆ. ಅಪ್ಪ ನಕ್ಕುಬಿಟ್ರು. ‘ಕಳ್ಳಿ, ಹಾಗಾದ್ರೆ ನನಗೂ ಒಂದು ಬನ್ನು ನಡೆಯುತ್ತೆ’ ಅಂತ ಚಿಕ್ಕಪ್ಪನ್ನ ಕಳಿಸಿದ್ರು.”

ತಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಇನ್‌ಸ್ಪೆಕ್ಟರ್ ಎದ್ದು ನಿಂತಳು. ಕಾಪಾಡಲು ಬಂದವಳಿಗೆ ತಾನು ಕಾಪಾಡುತ್ತಿರುವುದು ಯಾರನ್ನು ಎಂದೇ ದಿಗಿಲಾಯಿತು.

“ನೀನು ಕೇಕು ತಿಂದಿಲ್ಲ.”

“ತಿಂದೆ!”

“ತಿಂದಿದ್ರೆ ನಿಮ್ಮಪ್ಪನಿಗಿಂತ ಮೊದಲು ನಿನ್ನ ಹೆಣ ಬೀಳ್ತಿತ್ತು. ನಿನ್ನ ರಕ್ತದ ಪರೀಕ್ಷೆ ಹಾಗೆ ಹೇಳುತ್ತೆ. ಫೋನ್ ಎತ್ತಿದ್ದೂ ನೀನೇ, ಪಥ್ಯ ಹಾಕಿಸಿದ್ದೂ ನೀನೇ, ತಿಂದೆ ಅಂತ ಸುಳ್ಳು ಹೇಳಿ ಅಪ್ಪನ ಪಥ್ಯ ಮುರಿಸಿದ್ದೂ ನೀನೇ. ಯಾಕೆ ಮಾಡಿದೆ, ಹೇಳು!”

ಹುಡುಗಿಯ ಮುಖ ಕಾಗದದ ಹಾಗೆ ಬಿಳಿಚಿತು. ಅಳುತ್ತಾಳೆ ಎಂದುಕೊಳ್ಳುವಷ್ಟರಲ್ಲಿ ಅವಳು ಎದ್ದಳು. ಚೌಕಟ್ಟು ದಬಕ್ಕೆಂದು ಬಿತ್ತು. ನೇರ ಮೂಲೆಗೆ ಹೋಗಿ, ಚೀಲದೊಳಗೆ ಕೈ ಹಾಕಿ, ಮುಷ್ಟಿ ತುಂಬ ಹಿಟ್ಟು ತೆಗೆದು ಬಾಯಿಗೆ ತುಂಬಿಕೊಂಡಳು.

“ಏಯ್! ಉಗಿ! ಉಗಿಯೇ ಅದನ್ನ!”

ತಾಯಿ ಕಿರುಚಿದಳು. ಹುಡುಗಿ ಗಳಗಳ ಕಣ್ಣೀರು ಸುರಿಸುತ್ತ, ಕತ್ತು ಚಾಚಿ, ನುಂಗಿಬಿಟ್ಟಳು. ಮರುಗಳಿಗೆಯೇ ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಮೇಜು ಹಿಡಿದು ಬಾಗಿದಳು, ಮುಖ ಕೆಂಪಾಯಿತು. ಇನ್‌ಸ್ಪೆಕ್ಟರ್ ಸೂಜಿಯ ಮುಚ್ಚಳ ಕಿತ್ತು ಅವಳ ತೊಡೆಯ ಕಡೆ ನುಗ್ಗಿದಳು. ಹುಡುಗಿ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಒಣ ಹಿಟ್ಟು ಮೇಡಂ! ನೀವೂ ತಿಂದು ನೋಡಿ, ಕೆಮ್ಮು ಬರುತ್ತೋ ಇಲ್ವೋ!” ಎಂದಳು ಕೆಮ್ಮಿನ ನಡುವೆ. “ಮೊದಲು ಆ ಸೂಜಿ ಆಚೆ ಇಡಿ, ಅದನ್ನ ನೋಡಿದ್ರೆ ನಿಜವಾಗ್ಲೂ ಬಿದ್ದುಹೋಗ್ತೀನಿ.”

ಇನ್‌ಸ್ಪೆಕ್ಟರ್ ಸೂಜಿ ಬಿಡಲಿಲ್ಲ, ಬೆನ್ನ ಹಿಂದೆ ಹಿಡಿದಳು. ಇನ್ನೊಂದು ಕೈಯಲ್ಲಿ ಡಾಕ್ಟರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು.

“ಹಿಟ್ಟು ತಿಂದಳಾ? ಅಯ್ಯೋ ಯಾಕ್ರೀ ಬಿಟ್ರಿ!” ಡಾಕ್ಟರ ದನಿ ಅಂಗಡಿಯ ತುಂಬ ಮೊಳಗಿತು. “ತುಟಿ ನೋಡಿ. ಊದಿದೆಯಾ? ದನಿ ಗೊಗ್ಗರಾಗಿದೆಯಾ? ಹೊಟ್ಟೆ ನೋವು, ಮೈಮೇಲೆ ದದ್ದು?”

ಯಾವುದೂ ಇರಲಿಲ್ಲ. ಕಾದರು. ತಾಯಿ ಮಗಳ ಕೆನ್ನೆ, ಕತ್ತು, ಕಿವಿಯ ಹಿಂಭಾಗ ಎಲ್ಲ ತಡವಿ ತಡವಿ ನೋಡಿದಳು. ನೀರು ಕುಡಿದ ಮೇಲೆ ಕೆಮ್ಮೂ ನಿಂತಿತು. ಹುಡುಗಿ ಬಿದ್ದ ಚೌಕಟ್ಟನ್ನು ಎತ್ತಿ ನಿಲ್ಲಿಸಿ, ಸಿಕ್ಕಾದ ದಾರ ಬಿಡಿಸುತ್ತ ಕೂತಳು. ಇನ್‌ಸ್ಪೆಕ್ಟರ್ ಮಾತ್ರ ಸೂಜಿ ಹಿಡಿದೇ ನಿಂತಿದ್ದಳು.

“ಇಷ್ಟು ಹೊತ್ತಾದ್ರೂ ಏನೂ ಇಲ್ವಾ?” ಎಂದರು ಡಾಕ್ಟರು. “ಆಗೋ ಮಾತಲ್ಲ. ಆ ರಕ್ತಕ್ಕೆ ಹಿಟ್ಟಿನ ಧೂಳು ಸಾಕು. ಮಗು, ಹೋದ ತಿಂಗಳು ನಮ್ಮವರು ಬಂದು ನಿನ್ನ ರಕ್ತ ತಗೊಂಡು ಹೋದ್ರಲ್ಲ…”

“ನನ್ನದಾ?” ಎಂದಳು ಹುಡುಗಿ. “ನನ್ನ ರಕ್ತ ಯಾರೂ ತಗೊಳ್ಳಲಿಲ್ವಲ್ಲ ಡಾಕ್ಟ್ರೇ.”

“ಏನು? ಮತ್ತೆ ಯಾರದ್ದು ತಗೊಂಡ್ರು?” ಎಂದರು ಡಾಕ್ಟರು.

“ಸೂಜಿ ಕಂಡ್ರೆ ನನಗೆ ಕಣ್ಣು ಕತ್ತಲೆ. ಅವತ್ತು ಅಳ್ತಾ ಮಹಡಿಗೆ ಓಡಿಹೋದೆ. ಬಂದಿದ್ದ ಮನುಷ್ಯ ಹೊಸಬ. ‘ಈ ಮನೆಯ ಎರಡನೇ ಇಸುಬಿನವರು ಯಾರು, ಬೇಗ ಬನ್ನಿ’ ಅಂತ ಗಡಿಬಿಡಿ ಮಾಡ್ತಿದ್ದ. ನನಗೋಸ್ಕರ ಚಿಕ್ಕಪ್ಪನೇ ತೋಳು ಮಡಿಸಿ ಕೂತ್ರು. ‘ಮಗೂನ ಯಾಕೆ ಅಳಿಸ್ತೀಯಪ್ಪ, ಇದೂ ಅದೇ ಮನೆ ಇಸುಬೇ, ಇದರಿಂದಲೇ ತಗೋ’ ಅಂದ್ರು. ಅವನೂ ತಗೊಂಡು ಹೋದ.”

“ಚಿಕ್ಕಪ್ಪನಿಗೂ ಇಸುಬು ಇದೆಯಾ?” ಇನ್‌ಸ್ಪೆಕ್ಟರ್ ತಾಯಿಯ ಕಡೆ ತಿರುಗಿದಳು.

“ಇವಳಪ್ಪನಷ್ಟೇ ಇದೆ,” ಎಂದಳು ತಾಯಿ. “ನನ್ನ ಮೈದುನ ಯಾರಿಗೂ ತೋರಿಸಲ್ಲ. ಹೆಣ್ಣು ಸಿಗಲ್ಲ ಅಂತ ಹರೆಯದಲ್ಲಿ ಪೂರ್ತಿ ತೋಳಿನ ಅಂಗಿ ಹಾಕಿದೋನು ಇವತ್ತಿಗೂ ಬಿಚ್ಚಿಲ್ಲ. ಹೆಣ್ಣೂ ಸಿಗಲಿಲ್ಲ. ಮನಸ್ಸಿಗೆ ಏನಾದ್ರೂ ಆದ್ರೆ ತೋಳೆಲ್ಲ ರಕ್ತ ಬರೋ ಹಾಗೆ ಕೆರ್ಕೋತಾನೆ.”

ಹಾಗಾದರೆ ಆ ಗೀರುಗಳು ಅಣ್ಣನ ಉಗುರಿನವಲ್ಲ. ಅಣ್ಣ ಕಣ್ಣೆದುರೇ ಸತ್ತದ್ದನ್ನು ನೋಡಿ ಅವನೇ ಪರಚಿಕೊಂಡದ್ದು! ಅವಳು ಅದನ್ನು ನೋಡಿಯೇ ಬೇಡಿ ಹಾಕಿದ್ದಳು.

“ಗೋಂದು ಕಲಸೋರು ಯಾರು?”

“ಅವನೇ. ಮೊಣಕೈವರೆಗೂ ಅದ್ದಿ ಕಲಸ್ತಾನೆ. ಇವಳು ಬರೀ ಹೊಲಿಗೆ, ಗೋಂದು ಮುಟ್ಟೋದೇ ಇಲ್ಲ.”

“ಊಟ?”

“ಹೇಳಿದ್ನಲ್ಲ ಮೇಡಂ. ಮನೆಗೆಲ್ಲ ಒಂದೇ ಪಥ್ಯ.”

“ಇನ್‌ಸ್ಪೆಕ್ಟರೇ,” ಡಾಕ್ಟರು ಕೂಗಿದರು, “ಅವನೆಲ್ಲಿದಾನೆ ಈಗ? ಅವನಿಗೆ ಏನೂ ಕೊಡಬೇಡಿ ಅಂತ ಹೇಳಿ! ಏನೂ ಕೊಡಬೇಡಿ!”

ಪಥ್ಯದ ಫೋನು ಯಾರದೆಂದು ಹುಡುಕುವುದು ಆಮೇಲೆ. ಅವಳು ಡಾಕ್ಟರ ಫೋನ್ ಕತ್ತರಿಸಿ ಠಾಣೆಗೆ ಹಚ್ಚಿದಳು. ರಿಂಗಾಯಿತು, ನಿಂತಿತು, ಮತ್ತೆ ರಿಂಗಾಯಿತು. ಕೊನೆಗೆ ಮೀಸೆಯಮ್ಮ ಎತ್ತಿದರು. ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು.

“ಹೇಳಿ ಮೇಡಂ! ನೀವು ಬಿಡಿಸ್ತೀರಂತೆ ಅಂದ ತಕ್ಷಣ ಕಾಲು ಹಿಡ್ಕೊಂಡು ಅತ್ತುಬಿಟ್ಟ ಕಣ್ರೀ. ನನಗೂ ಕಣ್ಣಲ್ಲಿ ನೀರು ಬಂತು.”

“ಅವನಿಗೆ ತಿನ್ನೋಕೆ ಏನೂ ಕೊಡಬೇಡಿ! ಕೇಳಿಸ್ತಾ? ಏನೂ…”

“ಅಯ್ಯೋ, ಅದೇನು ಮೇಡಂ, ಹಸಿದ ಹೊಟ್ಟೇಲಿ ಎಷ್ಟು ಹೊತ್ತು ಕೂರಿಸೋದು? ಬನ್ನು ಅಂದ್ರೆ ಮುಖ ತಿರುಗಿಸ್ತಾನೆ ಪಾಪ, ಅಣ್ಣನ ನೆನಪಾಗುತ್ತಲ್ಲ. ಅದಕ್ಕೇ ನಾನೇ ಓಡಿಹೋಗಿ ಬಿಸ್ಕತ್ತು ತಂದೆ. ಟೀಯಲ್ಲಿ ಅದ್ದಿ ಅದ್ದಿ, ಬಲವಂತ ಮಾಡಿ ತಿನ್ನಿಸ್ದೆ. ಪೊಟ್ಟಣ ಖಾಲಿ!”

ಅವಳು ಸೂಜಿ ಹಿಡಿದ ಕೈಯಲ್ಲೇ ಬಾಗಿಲು ತಳ್ಳಿ ಜೀಪಿನ ಕಡೆ ಓಡಿದಳು. ಠಾಣೆ ಊರಿನ ಆ ತುದಿಗಿತ್ತು.

“ಒಂದ್ನಿಮಿಷ ಇರಿ ಮೇಡಂ,” ಎಂದರು ಮೀಸೆಯಮ್ಮ, “ಒಳಗಿಂದ ಏನೋ ಕೂಗ್ತಿದಾನೆ. ಗಂಟಲು ಯಾಕೋ ಬಿಗೀತಾ ಇದೆಯಂತೆ. ಬಿಸ್ಕತ್ತು ಸಿಕ್ಕಿಕೊಂಡಿರಬೇಕು, ಸ್ವಲ್ಪ ನೀರು ಕೊಟ್ಟು ಬರ್ತೀನಿ.”